ಕೀಪ್ಯಾಡ್ ಫೋನ್ ಬಿಟ್ಟು ಟಚ್ ಫೋನ್ ಹಿಡಿಯುವವರಿಗೆ: ಎರಡರ ವ್ಯತ್ಯಾಸ, ಬದಲಾಯಿಸುವ ಕ್ರಮ

ಅಪ್ಪನೋ ಅಜ್ಜಿಯೋ ಹತ್ತು ವರ್ಷದಿಂದ ಕೀಪ್ಯಾಡ್ ಫೋನ್ ಹಿಡಿದು ನೆಮ್ಮದಿಯಾಗಿದ್ದಾರೆ. ಈಗ ಬೆಳೆ ಸಮೀಕ್ಷೆಗೋ, ಬ್ಯಾಂಕಿನ ಕೆಲಸಕ್ಕೋ, ದೂರದೂರಿನಲ್ಲಿರುವ ಮೊಮ್ಮಗಳ ಮುಖ ನೋಡುವುದಕ್ಕೋ ಟಚ್ ಫೋನ್ ಬೇಕಾಗಿದೆ. ತಂದುಕೊಟ್ಟ ಮೂರನೇ ದಿನಕ್ಕೆ ‘ಇದು ನನ್ನ ಕೈಲಾಗಲ್ಲ, ಹಳೇದೇ ಕೊಡು’ ಎಂಬ ಮಾತು ಬರುತ್ತದೆ. ಬಹಳ ಸಲ ತಪ್ಪು ಅವರದ್ದಾಗಿರುವುದಿಲ್ಲ. ಹಳೆಯದಕ್ಕೂ ಹೊಸದಕ್ಕೂ ನಡುವೆ ಏನು ಬದಲಾಯಿತು ಎಂದು ಯಾರೂ ಬಿಡಿಸಿ ಹೇಳಿರುವುದಿಲ್ಲ, ಅವರ ಕೈಗೆ ಒಗ್ಗುವಂತೆ ಫೋನನ್ನು ಅಣಿಮಾಡಿರುವುದೂ ಇಲ್ಲ. ಈ ಎರಡೂ ಕೆಲಸವನ್ನು ಕ್ರಮವಾಗಿ ಹೇಗೆ ಮಾಡುವುದು ಎಂಬುದು ಇಲ್ಲಿದೆ. ಹೇಳಿರುವುದೆಲ್ಲ ಆಂಡ್ರಾಯ್ಡ್ ಫೋನಿಗೆ ಅನ್ವಯಿಸುತ್ತದೆ. ಕಂಪನಿಯಿಂದ ಕಂಪನಿಗೆ ಸೆಟ್ಟಿಂಗ್ಸ್‌ನ ಹೆಸರು ಸ್ವಲ್ಪ ಆಚೀಚೆ ಇರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿರುವ ಹುಡುಕುವ ಪೆಟ್ಟಿಗೆಯಲ್ಲಿ ಆ ಹೆಸರು ಬರೆದು ನೋಡಿ.

ವ್ಯತ್ಯಾಸ ಇರುವುದೆಲ್ಲಿ

ಇಂಟರ್ನೆಟ್ ಇದ್ದರೆ ಸ್ಮಾರ್ಟ್‌ಫೋನ್, ಇಲ್ಲದಿದ್ದರೆ ಸಾದಾ ಫೋನ್ ಎಂದು ಹಲವರು ತಿಳಿದಿದ್ದಾರೆ. 2017ರಲ್ಲಿ ಬಂದ ಜಿಯೋಫೋನ್‌ಗೆ ಗುಂಡಿಗಳೂ ಇದ್ದವು, 4ಜಿ ಇಂಟರ್ನೆಟ್ಟೂ ಇತ್ತು. ಆದರೂ ಅದನ್ನು ಯಾರೂ ಪೂರ್ತಿ ಸ್ಮಾರ್ಟ್‌ಫೋನ್ ಎನ್ನಲಿಲ್ಲ. ಟಚ್ ಪರದೆಯೂ ಸರಿಯಾದ ಗೆರೆಯಲ್ಲ. ಟಚ್ ಇದ್ದೂ ಸಾದಾ ಫೋನೇ ಆಗಿದ್ದ ಮಾಡೆಲ್‌ಗಳು ಬೇಕಾದಷ್ಟು ಬಂದುಹೋಗಿವೆ.

ಕೀಪ್ಯಾಡ್ ಫೋನ್ ಏನೇನು ಮಾಡಬೇಕು ಎಂಬುದು ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ಕರೆ, ಮೆಸೇಜು, ಅಲಾರಂ, ಟಾರ್ಚು, ಎಫ್‌ಎಂ, ಒಂದು ಹಾವಿನ ಆಟ. ಕೊಂಡ ದಿನ ಎಷ್ಟಿತ್ತೋ ಐದು ವರ್ಷದ ಮೇಲೂ ಅಷ್ಟೇ. ಸ್ಮಾರ್ಟ್‌ಫೋನಿನಲ್ಲಿ ಕಂಪ್ಯೂಟರಿನ ಹಾಗೆ ಒಂದು ಆಪರೇಟಿಂಗ್ ಸಿಸ್ಟಂ ಇರುತ್ತದೆ. ಯಾರೋ ಬರೆದ ಆ್ಯಪ್‌ಗಳನ್ನು ಅದರ ಮೇಲೆ ಕೂರಿಸಬಹುದು, ತೆಗೆಯಬಹುದು. ಆ ಆ್ಯಪ್‌ಗಳಿಗೆ ಫೋನಿನ ಕ್ಯಾಮೆರಾ, ಮೈಕು, ಜಿಪಿಎಸ್, ಫೋನ್ ನಂಬರ್‌ಗಳ ಪಟ್ಟಿ, ಮೆಸೇಜು ಎಲ್ಲವನ್ನೂ ಬಳಸುವ ದಾರಿ ಇರುತ್ತದೆ. 1994ರ ಐಬಿಎಂ ಸೈಮನ್ ಎಂಬ ಫೋನ್‌ನಲ್ಲೇ ಈ ಯೋಚನೆಯ ಮೊಳಕೆ ಇತ್ತು. 2007ರಲ್ಲಿ ಐಫೋನ್, 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂದ ಮೇಲೆ ಅದು ಜನರ ಕೈಗೆ ಸಿಕ್ಕಿತು.

ಇದರಿಂದ ಆಗುವ ದೊಡ್ಡ ಬದಲಾವಣೆಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಫೋನ್ ಏನು ಮಾಡಬೇಕು ಎಂಬ ತೀರ್ಮಾನ ಕಂಪನಿಯ ಕೈಯಿಂದ ಬಳಸುವವರ ಕೈಗೆ ಬಂತು. ಒಳ್ಳೆಯ ಆ್ಯಪ್ ಹಾಕುವ ಅಧಿಕಾರದ ಜೊತೆಗೇ ಕೆಟ್ಟ ಆ್ಯಪ್‌ಗೆ ಬಾಗಿಲು ತೆರೆಯುವ ಅಧಿಕಾರವೂ ಬಂತು. ಮುಂದೆ ಹೇಳುವ ಅನುಕೂಲಗಳೂ ಅಪಾಯಗಳೂ ಹುಟ್ಟುವುದು ಇಲ್ಲಿಂದಲೇ.

ಹಳೆಯ ಫೋನೇ ಮೇಲು ಎನಿಸುವ ವಿಷಯಗಳು

ಇವನ್ನು ಮೊದಲೇ ಹೇಳಿಬಿಡಬೇಕು. ಆಮೇಲೆ ಗೊತ್ತಾದರೆ ಹೊಸ ಫೋನ್ ಮೋಸ ಮಾಡಿತು ಎನಿಸುತ್ತದೆ.

ಬ್ಯಾಟರಿ: ಕೀಪ್ಯಾಡ್ ಫೋನಿನ ಬಿಎಲ್-5ಸಿ ಬ್ಯಾಟರಿಯ ಸಾಮರ್ಥ್ಯ ಸುಮಾರು 1,000 ಎಂಎಎಚ್. ಅಷ್ಟರಲ್ಲೇ ನಾಲ್ಕೈದು ದಿನ ಓಡುತ್ತದೆ. ಈಗಿನ ಸ್ಮಾರ್ಟ್‌ಫೋನಿಗೆ 5,000 ಎಂಎಎಚ್ ಇದ್ದರೂ ದಿನಕ್ಕೊಮ್ಮೆ ಚಾರ್ಜಿಗೆ ಹಾಕಲೇಬೇಕು. ದೊಡ್ಡ ಪರದೆಯ ಬೆಳಕು, ಹಿನ್ನೆಲೆಯಲ್ಲಿ ಸದಾ ಓಡುವ ಆ್ಯಪ್‌ಗಳು, ಕ್ಷಣಕ್ಷಣವೂ ಇಂಟರ್ನೆಟ್ ಜೊತೆಗಿನ ಮಾತುಕತೆ ಇದಕ್ಕೆ ಕಾರಣ.

ಅಲಾರಂ: ಹಳೆಯ ಕೀಪ್ಯಾಡ್ ಫೋನುಗಳಲ್ಲಿ ಹಲವು ಸ್ವಿಚ್ ಆಫ್ ಮಾಡಿದ್ದರೂ ಅಲಾರಂ ಹೊಡೆಯುತ್ತಿದ್ದವು. ಹೆಚ್ಚಿನ ಸ್ಮಾರ್ಟ್‌ಫೋನುಗಳು ಹೊಡೆಯುವುದಿಲ್ಲ. ರಾತ್ರಿ ಫೋನ್ ಆಫ್ ಮಾಡಿ ಬೆಳಗಿನ ಜಾವ ಹಾಲು ಕರೆಯಲು ಏಳುವವರಿಗೆ ಇದು ದೊಡ್ಡ ತೊಂದರೆ. ಆಫ್ ಮಾಡುವ ಬದಲು ಏರೋಪ್ಲೇನ್ ಮೋಡ್ ಹಾಕಿ ಮಲಗುವುದನ್ನು ಕಲಿಸಿ. ಕರೆಯೂ ಬರುವುದಿಲ್ಲ, ಅಲಾರಂ ತಪ್ಪುವುದೂ ಇಲ್ಲ.

ಇನ್ನು ಒದ್ದೆ ಕೈ, ಮಣ್ಣಿನ ಕೈ, ಕೈಗವಸಿನ ಕೈ. ಗುಂಡಿಗೆ ಇವು ಲೆಕ್ಕಕ್ಕಿಲ್ಲ. ಟಚ್ ಪರದೆ ಬೆರಳಿನ ಒತ್ತಡ ನೋಡುವುದಿಲ್ಲ; ಬೆರಳು ಹತ್ತಿರ ಬಂದಾಗ ಗಾಜಿನ ಕೆಳಗಿನ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಬದಲಾವಣೆಯನ್ನು ಅಳೆಯುತ್ತದೆ. ನೀರಿನ ಹನಿಯನ್ನೂ ಅದು ಬೆರಳು ಎಂದುಕೊಳ್ಳುತ್ತದೆ. ತುಂಬ ಒಣಗಿದ, ಜಡ್ಡುಗಟ್ಟಿದ ಬೆರಳ ತುದಿಯನ್ನು ಗುರುತಿಸದೇ ಇರಬಹುದು. ಗುದ್ದಲಿ, ಕುಡುಗೋಲು ಹಿಡಿದ ಕೈಯವರು ‘ಒತ್ತಿದರೂ ಆಗಲ್ಲ’ ಎಂದರೆ ಅದು ನಿಜ. ಬೆರಳ ತುದಿಯ ಬದಲು ಮೆತ್ತನೆಯ ಪಕ್ಕದ ಭಾಗ ತಾಗಿಸಲಿ, ಜೋರಾಗಿ ಒತ್ತುವುದು ಬೇಡ. ಕೆಲವು ಫೋನುಗಳ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ಪರ್ಶದ ಸೂಕ್ಷ್ಮತೆ ಹೆಚ್ಚಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ದಪ್ಪ ಟೆಂಪರ್ಡ್ ಗ್ಲಾಸ್ ಅಂಟಿಸಿದರೆ ಈ ತೊಂದರೆ ಹೆಚ್ಚುತ್ತದೆ.

ನಮ್ಮ ಸಲಹೆ: ಮೊದಲ ಎರಡು ತಿಂಗಳು ಹಳೆಯ ಫೋನನ್ನು ಎಸೆಯಬೇಡಿ, ಮಾರಬೇಡಿ. ಎರಡನೇ ಸಿಮ್ ಇದ್ದರೆ ಅದರಲ್ಲೇ ಇರಲಿ.

ಕೊಳ್ಳುವ ಮೊದಲು ನೋಡಬೇಕಾದದ್ದು

ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂಬುದನ್ನೇ ಮೊದಲು ಹೇಳುತ್ತಾರೆ. ಕೀಪ್ಯಾಡಿನಿಂದ ಬರುವವರಿಗೆ ಅದು ಕೊನೆಯ ವಿಷಯ. ಮೊದಲು ರ್‍ಯಾಮ್ (ಆ್ಯಪ್ ಓಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಮತ್ತು ಸಂಗ್ರಹ (ಆ್ಯಪ್, ಫೋಟೋ ಉಳಿಯುವ ಜಾಗ) ಕೇಳಿ. ರ್‍ಯಾಮ್ 4 ಜಿಬಿಗಿಂತ ಕಡಿಮೆ ಬೇಡ, 6 ಇದ್ದರೆ ಒಳ್ಳೆಯದು. ಡಬ್ಬದ ಮೇಲೆ ‘4+4’ ಎಂದು ಬರೆದಿದ್ದರೆ ಅದನ್ನು 8 ಎಂದು ಓದಬೇಡಿ. ಎರಡನೇ 4 ಎಂಬುದು ಸಂಗ್ರಹದ ಒಂದು ಭಾಗವನ್ನು ರ್‍ಯಾಮ್‌ನಂತೆ ಬಳಸುವ ಉಪಾಯ, ವೇಗ ಬಹಳ ಕಡಿಮೆ. ಸಂಗ್ರಹ 64 ಜಿಬಿ ಎಂದರೆ ಪೂರ್ತಿ 64 ನಿಮಗೆ ಸಿಗುವುದಿಲ್ಲ. ಆಪರೇಟಿಂಗ್ ಸಿಸ್ಟಂ ಮತ್ತು ಕಂಪನಿಯ ಆ್ಯಪ್‌ಗಳು ಮೊದಲೇ ಒಂದಷ್ಟು ಜಾಗ ಹಿಡಿದಿರುತ್ತವೆ. ವಾಟ್ಸ್ಆ್ಯಪ್ ಗ್ರೂಪುಗಳ ಗುಡ್ ಮಾರ್ನಿಂಗ್ ಚಿತ್ರಗಳೂ ವೀಡಿಯೋಗಳೂ ಒಂದೆರಡು ವರ್ಷದಲ್ಲಿ ಉಳಿದದ್ದನ್ನು ತುಂಬುತ್ತವೆ. ಹೀಗಾಗಿ 128 ಜಿಬಿಯೇ ಲೇಸು.

ಎರಡನೆಯದು ಅಪ್‌ಡೇಟ್. ಸಾದಾ ಫೋನಿಗೆ ಈ ಮಾತೇ ಇರಲಿಲ್ಲ. ಸ್ಮಾರ್ಟ್‌ಫೋನಿನ ಆಪರೇಟಿಂಗ್ ಸಿಸ್ಟಂನಲ್ಲಿ ದೋಷಗಳು ಸಿಗುತ್ತಲೇ ಇರುತ್ತವೆ, ಕಂಪನಿ ಅವನ್ನು ಮುಚ್ಚುತ್ತಲೇ ಇರಬೇಕು. ದುಬಾರಿ ಫೋನುಗಳಲ್ಲಿ ಕೆಲವಕ್ಕೆ 7 ವರ್ಷದ ಭರವಸೆ ಇದೆ, ಅಗ್ಗದವಕ್ಕೆ ಕಡಿಮೆ. ಈ ಮಾಡೆಲ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಯಾವ ವರ್ಷದವರೆಗೆ ಎಂದು ಕೇಳಿ. ಮೂರು ವರ್ಷ ಹಳೆಯ ಮಾಡೆಲನ್ನು ರಿಯಾಯಿತಿಯಲ್ಲಿ ಕೊಂಡರೆ ಆ ಅವಧಿ ಆಗಲೇ ಮುಗಿದಿರಬಹುದು, ಏಕೆಂದರೆ ಲೆಕ್ಕ ಶುರುವಾಗುವುದು ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ.

ಮೂರನೆಯದು ಸಿಗ್ನಲ್. ನಿಮ್ಮ ಮನೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎಂಬುದನ್ನು ಫೋನ್ ಕೊಳ್ಳುವ ಮೊದಲೇ ಅಕ್ಕಪಕ್ಕದವರ ಫೋನಿನಲ್ಲಿ ನೋಡಿ. 700, 850, 900 ಮೆಗಾಹರ್ಟ್ಸ್‌ನಂಥ ಕೆಳ ಆವರ್ತನದ ಅಲೆಗಳು ಗುಡ್ಡ, ಮರ, ಗೋಡೆ ದಾಟಿ ದೂರ ಹೋಗುತ್ತವೆ. 3,300ರ ಮೇಲಿನ 5ಜಿ ಅಲೆಗಳು ಬೇಗ ಸೋಲುತ್ತವೆ. ಭಾರತದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಪೇಟೆಯಲ್ಲಿ ಅದರ ಉಪಯೋಗ ಇದೆ. ತೋಟದ ಮನೆಯಲ್ಲಿ ಕರೆ ಮತ್ತು ವಾಟ್ಸ್ಆ್ಯಪ್ ಸಾಕೆನ್ನುವವರು 5ಜಿಗಾಗಿ ಹೆಚ್ಚು ಹಣ ಕೊಡಬೇಕಿಲ್ಲ.

ಹಣ ಕೊಡುವ ಮೊದಲು *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಪರದೆಯ ಮೇಲೆ ಬರುತ್ತದೆ. ಡಬ್ಬದ ಮೇಲಿನ ಅಂಕಿಗೂ ಬಿಲ್ಲಿನ ಅಂಕಿಗೂ ಅದು ತಾಳೆಯಾಗಬೇಕು. ಸೆಕೆಂಡ್ ಹ್ಯಾಂಡ್ ಫೋನಾದರೆ ಇಲ್ಲಿಗೇ ನಿಲ್ಲಿಸಬೇಡಿ: ಮೆಸೇಜಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ (KYM) ಎಂದು ಬರೆದು, ಒಂದು ಜಾಗ ಬಿಟ್ಟು ಐಎಂಇಐ ಸೇರಿಸಿ 14422ಕ್ಕೆ ಕಳಿಸಿ. ಕಳವಾಗಿ ಬ್ಲಾಕ್ ಆದ ಫೋನೋ ಅಲ್ಲವೋ ಎಂಬ ಉತ್ತರ ಬರುತ್ತದೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆ್ಯಪ್‌ನಲ್ಲೂ ಇದೇ ಸೌಲಭ್ಯ ಇದೆ.

ಸಿಮ್ ಮತ್ತು ನಂಬರ್‌ಗಳ ಸಾಗಣೆ

ಇಲ್ಲಿ ಆತುರಪಟ್ಟರೆ ಇಪ್ಪತ್ತು ವರ್ಷದ ನಂಬರ್‌ಗಳು ಹೋಗುತ್ತವೆ.

1. ಹಳೆಯ ಫೋನಿನಲ್ಲಿ ನಂಬರ್‌ಗಳು ಎಲ್ಲಿ ಉಳಿದಿವೆ ನೋಡಿ. ಸಿಮ್‌ನಲ್ಲಿ ಇರಬಹುದು, ಫೋನ್ ಮೆಮೊರಿಯಲ್ಲಿ ಇರಬಹುದು, ಎರಡರಲ್ಲೂ ಹಂಚಿಹೋಗಿರಬಹುದು. ಹೆಸರಿನ ಪಕ್ಕದ ಪುಟ್ಟ ಚಿಹ್ನೆ ಇದನ್ನು ಹೇಳುತ್ತದೆ.

2. ಫೋನ್ ಮೆಮೊರಿಯಲ್ಲಿ ಇರುವವನ್ನು ಕಾಂಟ್ಯಾಕ್ಟ್ಸ್ ಮೆನುವಿನ ‘ಕಾಪಿ’ ಆಯ್ಕೆಯಿಂದ ಸಿಮ್‌ಗೆ ತನ್ನಿ. ಸಿಮ್ ಸಾಮಾನ್ಯವಾಗಿ 250ರಷ್ಟು ನಂಬರ್ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ, ಬ್ಲೂಟೂತ್ ಇರುವ ಕೀಪ್ಯಾಡ್ ಫೋನಿನಿಂದ ನೇರ ಹೊಸ ಫೋನಿಗೇ ಕಳಿಸುವುದು ಸುಲಭ. ಒಬ್ಬರಿಗೆ ಎರಡು ನಂಬರ್ ಇದ್ದರೆ ಸಿಮ್‌ನಲ್ಲಿ ಅವು ಎರಡು ಬೇರೆ ಹೆಸರಾಗಿ ಕೂರುತ್ತವೆ, ಉದ್ದನೆಯ ಹೆಸರು ತುಂಡಾಗುತ್ತದೆ. ಗಾಬರಿ ಬೇಡ, ಆಮೇಲೆ ಸರಿಮಾಡಬಹುದು.

3. ಹೊಸ ಫೋನಿಗೆ ನ್ಯಾನೋ ಸಿಮ್ ಬೇಕು, ಅಳತೆ 12.3 ಮಿ.ಮೀ. ಉದ್ದ, 8.8 ಮಿ.ಮೀ. ಅಗಲ. ಹಳೆಯ ದೊಡ್ಡ ಸಿಮ್ಮನ್ನು ಕತ್ತರಿಸಿ ಕೂರಿಸುವ ಅಂಗಡಿಯವರು ಇನ್ನೂ ಇದ್ದಾರೆ, ಅದನ್ನು ಒಪ್ಪಬೇಡಿ. ಹಳೆಯ ಸಿಮ್ ದಪ್ಪವೂ ಹೆಚ್ಚು, ತಟ್ಟೆಯಲ್ಲಿ ಸಿಕ್ಕಿಹಾಕಿಕೊಂಡರೆ ಒಳಗಿನ ಪಿನ್ನುಗಳು ಬಾಗುತ್ತವೆ. ಕಂಪನಿಯ ಅಂಗಡಿಗೆ ಆಧಾರ್ ಒಯ್ದು ಅದೇ ನಂಬರಿನ ಹೊಸ ಸಿಮ್ ಪಡೆಯಿರಿ. ನಂಬರ್‌ಗಳು ಹಳೆಯ ಸಿಮ್‌ನಲ್ಲೇ ಇರುತ್ತವೆ ಎಂಬುದು ನೆನಪಿರಲಿ. ಹೊಸ ಸಿಮ್ ತರುವ ಮೊದಲೇ ಅವನ್ನು ಒಂದು ಪುಸ್ತಕಕ್ಕೆ ಬರೆದಿಡಿ, ಇಲ್ಲವೇ ಬೇರೆ ಫೋನಿಗೆ ಇಳಿಸಿಕೊಳ್ಳಿ.

4. ಸಿಮ್ ಬದಲಾದ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬೇರೆಯವರ ಹೆಸರಿನಲ್ಲಿ ಸಿಮ್ ಪಡೆದು ಒಟಿಪಿ ಕದಿಯುವ ಮೋಸ ತಡೆಯಲೆಂದು ದೂರಸಂಪರ್ಕ ಇಲಾಖೆ ಮಾಡಿದ ವ್ಯವಸ್ಥೆ ಇದು. ಹಾಗಾಗಿ ಅದೇ ದಿನ ವಾಟ್ಸ್ಆ್ಯಪ್‌ಗೋ ಯುಪಿಐಗೋ ಕೈಹಾಕಿ ‘ಒಟಿಪಿ ಬರ್ತಾ ಇಲ್ಲ’ ಎಂದು ಒದ್ದಾಡಬೇಡಿ. ಒಂದು ದಿನ ಕಾಯಿರಿ.

5. ಹೊಸ ಫೋನಿನಲ್ಲಿ ಕಾಂಟ್ಯಾಕ್ಟ್ಸ್ ಆ್ಯಪ್ ತೆರೆದು, ಸಿಮ್‌ನಿಂದ ಇಂಪೋರ್ಟ್ ಮಾಡುವ ಆಯ್ಕೆ ಒತ್ತಿ, ಎಲ್ಲಿ ಉಳಿಸಬೇಕು ಎಂದು ಕೇಳಿದಾಗ ಗೂಗಲ್ ಖಾತೆ ಆರಿಸಿ. ಇದು ಹಳೆಯ ಸಿಮ್ಮೇ ಹೊಸ ಫೋನಿಗೆ ಹೊಂದಿದ್ದರೆ ಮಾತ್ರ; ಹೊಸ ಸಿಮ್ ಪಡೆದಿದ್ದರೆ ಅದು ಖಾಲಿ ಇರುತ್ತದೆ, ಬರೆದಿಟ್ಟ ಅಥವಾ ಬೇರೆ ಫೋನಿಗೆ ಇಳಿಸಿಕೊಂಡ ನಂಬರ್‌ಗಳನ್ನು ಗೂಗಲ್ ಖಾತೆಗೆ ಸೇರಿಸಿ. ಇಲ್ಲಿಂದ ಮುಂದೆ ಫೋನ್ ಬಾವಿಗೆ ಬಿದ್ದರೂ ನಂಬರ್‌ಗಳು ಉಳಿಯುತ್ತವೆ. ಸಾದಾ ಫೋನಿನಲ್ಲಿ ಇಲ್ಲದೇ ಇದ್ದ ಗುಣಗಳಲ್ಲಿ ಇದಕ್ಕೆ ನಾವು ಬಹಳ ಬೆಲೆ ಕೊಡುತ್ತೇವೆ.

ಗೂಗಲ್ ಖಾತೆಯನ್ನು ಬಳಸುವವರ ಹೆಸರಿನಲ್ಲೇ ತೆರೆಯಿರಿ. ಮಗನ ಖಾತೆಯನ್ನೇ ಅಪ್ಪನ ಫೋನಿಗೂ ಹಾಕಿದರೆ ಇಬ್ಬರ ನಂಬರ್‌ಗಳೂ ಫೋಟೋಗಳೂ ಕಲಸುಮೇಲೋಗರವಾಗುತ್ತವೆ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಪಡಿತರ ಚೀಟಿ, ಪಹಣಿ ಇಡುವ ಜಾಗದಲ್ಲೇ ಇಡಿ. ಅಂಗಡಿಯವರು ಖಾತೆ ತೆರೆದುಕೊಟ್ಟರೆ ಪಾಸ್‌ವರ್ಡ್ ಅವರಿಗೆ ಮಾತ್ರ ಗೊತ್ತಿರುತ್ತದೆ. ಫೋನ್ ಒಮ್ಮೆ ರೀಸೆಟ್ ಆದರೆ ಒಳಗೆ ಹೋಗಲು ದಾರಿಯೇ ಇರುವುದಿಲ್ಲ.

ಕೈಗೆ ಒಗ್ಗುವಂತೆ ಅಣಿಮಾಡುವುದು

ಮೊದಲು ಭಾಷೆ. ಸೆಟ್ಟಿಂಗ್ಸ್, ಸಿಸ್ಟಂ, ಭಾಷೆಗಳು ಎಂಬಲ್ಲಿ ಕನ್ನಡವನ್ನು ಪಟ್ಟಿಯ ಮೊದಲಿಗೆ ತನ್ನಿ. ನಂತರ ಡಿಸ್‌ಪ್ಲೇಯಲ್ಲಿ ಅಕ್ಷರದ ಗಾತ್ರವನ್ನು ಎರಡು ಮೆಟ್ಟಿಲು ಏರಿಸಿ. ಪೂರ್ತಿ ಏರಿಸಿದರೆ ಕನ್ನಡದ ಒತ್ತಕ್ಷರಗಳು ಕೆಲವು ಆ್ಯಪ್‌ಗಳಲ್ಲಿ ಕೆಳಗೆ ಕತ್ತರಿಸಿದಂತೆ ಕಾಣುತ್ತವೆ, ಗುಂಡಿಗಳು ಪರದೆಯ ಹೊರಗೆ ಹೋಗುತ್ತವೆ. ಪರದೆ ಆರುವ ಸಮಯವನ್ನು 30 ಸೆಕೆಂಡಿನಿಂದ 2 ನಿಮಿಷಕ್ಕೆ ಹೆಚ್ಚಿಸಿ. ನಿಧಾನವಾಗಿ ಓದುವವರಿಗೆ ನಡುವೆಯೇ ಪರದೆ ಕಪ್ಪಾಗುವುದಕ್ಕಿಂತ ದೊಡ್ಡ ಕಿರಿಕಿರಿ ಇಲ್ಲ.

ಬೆರಳು ಸವರಿ ಹಿಂದೆ ಹೋಗುವ ಹೊಸ ಪದ್ಧತಿ ಹಿರಿಯರಿಗೆ ಕಷ್ಟ. ನ್ಯಾವಿಗೇಷನ್ ಮೋಡ್ ಎಂಬಲ್ಲಿ ಮೂರು ಗುಂಡಿಯದ್ದನ್ನು ಆರಿಸಿ. ಹಿಂದೆ, ಮನೆ, ಇತ್ತೀಚಿನವು ಎಂಬ ಮೂರು ಗುರುತು ಸದಾ ಕೆಳಗೆ ಕಾಣುತ್ತಿರುತ್ತವೆ. ‘ಎಲ್ಲಿ ಸಿಕ್ಕಿಹಾಕಿಕೊಂಡರೂ ನಡುವಿನ ಗುಂಡಿ ಒತ್ತಿ, ಮನೆಗೆ ಬರುತ್ತೀರಿ’ ಎಂಬ ಒಂದು ಮಾತು ಅರ್ಧ ಭಯ ಕಳೆಯುತ್ತದೆ. ಮುಖಪುಟದಲ್ಲಿ ಆರು ಚಿತ್ರ ಸಾಕು: ಫೋನ್, ಮೆಸೇಜು, ವಾಟ್ಸ್ಆ್ಯಪ್, ಕ್ಯಾಮೆರಾ, ಟಾರ್ಚು, ಅಲಾರಂ. ಜೊತೆಗೆ ಮನೆಯ ನಾಲ್ಕು ಜನರ ನೇರ ಡಯಲ್ ಗುರುತುಗಳು, ಪ್ರತಿಯೊಂದಕ್ಕೂ ಅವರ ಮುಖದ ಫೋಟೋ. ಲಾಕ್ ಪರದೆಯಲ್ಲಿ ಸುದ್ದಿ, ಜಾಹೀರಾತು ತೋರಿಸುವ ಸೇವೆಯನ್ನು ಕಂಪನಿ ಹಾಕಿಕೊಟ್ಟಿದ್ದರೆ ಕೂಡಲೇ ಆಫ್ ಮಾಡಿ.

ಮೊದಲ ವಾರದಲ್ಲಿ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ‘ಫೋನ್ ರಿಂಗ್ ಆಗಲ್ಲ’ ಎಂದರೆ ಮೇಲಿನಿಂದ ಇಳಿಯುವ ಪಟ್ಟಿಯಲ್ಲಿ ತಿಳಿಯದೆ ಸೈಲೆಂಟೋ ಡು ನಾಟ್ ಡಿಸ್ಟರ್ಬೋ ಒತ್ತಿಹೋಗಿದೆ. ‘ಯಾರ ಫೋನೂ ಬರ್ತಿಲ್ಲ’ ಎಂದರೆ ಏರೋಪ್ಲೇನ್ ಮೋಡ್. ‘ಫೋನೇ ಮಾತಾಡ್ತಿದೆ, ಒಂದು ಸಲ ಒತ್ತಿದರೆ ಏನೂ ತೆರೆಯಲ್ಲ’ ಎಂದರೆ ಅಂಗಡಿಗೆ ಓಡಬೇಡಿ. ವಾಲ್ಯೂಮಿನ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡ್ ಒತ್ತಿದಾಗ ದೃಷ್ಟಿ ಇಲ್ಲದವರಿಗಾಗಿ ಇರುವ ಟಾಕ್‌ಬ್ಯಾಕ್ ಆನ್ ಆಗಿರುತ್ತದೆ. ಹಾಗೆಯೇ ಇನ್ನೊಮ್ಮೆ ಒತ್ತಿ ಹಿಡಿದರೆ ಹೋಗುತ್ತದೆ.

ಕಣ್ಣಿಗೆ ಕಾಣದ ಇಂದ್ರಿಯಗಳು

ಸಾದಾ ಫೋನಿಗೆ ಕೇಳುವ ಕಿವಿ ಮಾತ್ರ ಇತ್ತು. ಸ್ಮಾರ್ಟ್‌ಫೋನಿಗೆ ವಾಲಿದ್ದು, ತಿರುಗಿದ್ದು, ಬೆಳಕು ಎಷ್ಟಿದೆ, ದಿಕ್ಕು ಯಾವುದು, ಎಲ್ಲಿದ್ದೇನೆ ಎಂಬುದೆಲ್ಲ ಗೊತ್ತಾಗುತ್ತದೆ. ಫೋನ್ ಅಡ್ಡ ಹಿಡಿದಾಗ ಚಿತ್ರ ಅಡ್ಡವಾಗುವುದು ಆಕ್ಸೆಲರೋಮೀಟರ್‌ನಿಂದ. ಮಲಗಿ ಓದುವವರಿಗೆ ಇದು ಪೀಡೆ. ಮೇಲಿನ ಪಟ್ಟಿಯಲ್ಲಿ ಆಟೋ ರೊಟೇಟ್ ಆಫ್ ಮಾಡಿ.

ಕಿವಿಗೆ ಇಟ್ಟ ಕೂಡಲೇ ಪರದೆ ಆರಿಸುವುದು ಪ್ರಾಕ್ಸಿಮಿಟಿ ಸೆನ್ಸರ್. ಅದು ಮುಂಭಾಗದಲ್ಲಿ ಮೇಲ್ತುದಿಯಲ್ಲಿ, ಮಾತು ಕೇಳುವ ರಂಧ್ರದ ಬಳಿ ಕೂತಿರುತ್ತದೆ. ಅಗ್ಗದ ಟೆಂಪರ್ಡ್ ಗ್ಲಾಸ್ ಅದನ್ನು ಮುಚ್ಚಿದರೆ ಕರೆ ಬಂದ ಕೂಡಲೇ ಪರದೆ ಕಪ್ಪಾಗಿ, ಕಿವಿಯಿಂದ ತೆಗೆದರೂ ಬೆಳಗುವುದಿಲ್ಲ, ಕರೆ ಕಟ್ ಮಾಡಲು ಆಗುವುದಿಲ್ಲ. ಫೋನ್ ಕೆಟ್ಟಿತೆಂದು ರಿಪೇರಿಗೆ ಕೊಡುವ ಮೊದಲು ಆ ಗಾಜು ಕಿತ್ತು ನೋಡಿ. ಇದಕ್ಕೆ ವಿರುದ್ಧದ ತೊಂದರೆಯೂ ಇದೆ: ಕೆಲವು ಅಗ್ಗದ ಫೋನುಗಳಲ್ಲಿ ಈ ಸೆನ್ಸರ್ ಇರುವುದೇ ಇಲ್ಲ, ತಂತ್ರಾಂಶದ ಊಹೆಯಲ್ಲಿ ಕೆಲಸ ನಡೆಸುತ್ತವೆ. ಆಗ ಮಾತಾಡುವಾಗ ಕೆನ್ನೆ ತಾಗಿ ಮ್ಯೂಟ್ ಆಗುತ್ತದೆ, ಕರೆ ಹೋಲ್ಡ್‌ಗೆ ಹೋಗುತ್ತದೆ. ಅಂಗಡಿಯಲ್ಲೇ ಒಂದು ಕರೆ ಮಾಡಿ ಪರೀಕ್ಷಿಸುವುದು ಇದಕ್ಕಾಗಿಯೇ.

ಜಿಪಿಎಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದಕ್ಕೆ ಇಂಟರ್ನೆಟ್ ಬೇಡ. ಉಪಗ್ರಹಗಳಿಂದ ಬರುವ ಸಂಕೇತವನ್ನು ಫೋನ್ ಕೇಳಿಸಿಕೊಂಡು ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ, ಅಷ್ಟೇ. ಇಂಟರ್ನೆಟ್ ಬೇಕಿರುವುದು ನಕ್ಷೆಯ ಚಿತ್ರಕ್ಕೆ. ಆದ್ದರಿಂದ ಆಗುಂಬೆ, ಚಾರ್ಮಾಡಿ ಕಡೆ ಹೋಗುವ ಮೊದಲು ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಚಿತ್ರ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಬೇಕಾದ ಪ್ರದೇಶಕ್ಕೆ ಚೌಕಟ್ಟು ಎಳೆದು ಇಳಿಸಿಕೊಂಡರೆ, ಸಿಗ್ನಲ್ ಇಲ್ಲದ ಘಾಟಿಯಲ್ಲೂ ದಾರಿ ತೋರಿಸುತ್ತದೆ.

ಈ ಇಂದ್ರಿಯಗಳೂ ಆ್ಯಪೂ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ ರೈತರಿಗೆ ಹತ್ತಿರದ ಉದಾಹರಣೆ ಕಂದಾಯ ಇಲಾಖೆಯ ದಿಶಾಂಕ್. ಜಮೀನಿನಲ್ಲಿ ನಿಂತು ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಜಿಪಿಎಸ್ ಜಾಗ ಹೇಳಿತು, ಇಂಟರ್ನೆಟ್ ಕಂದಾಯ ನಕ್ಷೆ ತಂದಿತು, ಪರದೆ ಎರಡನ್ನೂ ಒಂದರ ಮೇಲೊಂದು ಇಟ್ಟಿತು. ಆದರೆ ಬಯಲಿನಲ್ಲೇ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಹೇಳುತ್ತದೆ. ಅಡಿಕೆ ತೋಟದ ನೆರಳಿನಲ್ಲಿ ಇನ್ನೂ ಹೆಚ್ಚು ತಪ್ಪುತ್ತದೆ. ಯಾವ ಸರ್ವೆ ನಂಬರ್ ಎಂದು ತಿಳಿಯಲು ಅದು ಸಾಕು. ಬೇಲಿ ಎಲ್ಲಿ ಹಾಕಬೇಕು ಎಂಬ ಜಗಳಕ್ಕೆ ಅದನ್ನು ಸಾಕ್ಷಿ ಮಾಡಬೇಡಿ, ಅದಕ್ಕೆ ಭೂಮಾಪಕರೇ ಬರಬೇಕು. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲೂ ಹೀಗೆಯೇ ಫೋಟೋ ಜೊತೆಗೆ ಜಾಗದ ಗುರುತು ಹೋಗುತ್ತದೆ. ಮನೆಯಲ್ಲಿ ಕೂತು ತೆಗೆದ ಫೋಟೋ ನಡೆಯುವುದಿಲ್ಲ. ಹೊಲಕ್ಕೆ ಹೋಗಿ, ಲೊಕೇಶನ್ ಆನ್ ಮಾಡಿ, ಬಯಲಲ್ಲಿ ಒಂದೆರಡು ನಿಮಿಷ ನಿಂತು, ಜಾಗ ಸರಿಯಾಗಿ ಸಿಕ್ಕ ಮೇಲೆ ಚಿತ್ರ ತೆಗೆಯಿರಿ.

ಮುಂಗಾರಿಗೆ ಮೊದಲಿನ ಗುಡುಗು ಮಳೆಯ ದಿನಗಳಿಗೆ ದಾಮಿನಿ ಆ್ಯಪ್ ಹಾಕಿಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯದ್ದು. ನೀವಿರುವ ಜಾಗದ ಸುತ್ತ 20ರಿಂದ 40 ಕಿ.ಮೀ. ಒಳಗಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ.

ಕನ್ನಡ ಬರೆಯುವುದು

ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ 70 ಮಾತ್ರ, ಗುಣಿತ ಒತ್ತುಗಳೂ ಲೆಕ್ಕಕ್ಕೆ ಸೇರುತ್ತವೆ. ಎಷ್ಟೋ ಕೀಪ್ಯಾಡ್ ಫೋನುಗಳಲ್ಲಿ ಕನ್ನಡ ಬಂದರೆ ಕಾಣುತ್ತಿದ್ದುದು ಬರೀ ಚೌಕಗಳು. ‘ಊಟ ಆಯ್ತಾ’ ಎಂಬುದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಚಾಳಿ ಬಂದದ್ದು ಅಲ್ಲಿಂದ. ಸ್ಮಾರ್ಟ್‌ಫೋನಿನಲ್ಲಿ ಈ ಕಟ್ಟು ಬಿಚ್ಚಿದೆ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್ ಸೆಟ್ಟಿಂಗ್ಸ್‌ನ ಭಾಷೆಗಳಲ್ಲಿ ಕನ್ನಡ ಸೇರಿಸುವಾಗ ಮೂರು ಬಗೆ ಕಾಣುತ್ತವೆ: ಕನ್ನಡ ಅಕ್ಷರಗಳದ್ದು, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡವಾಗುವುದು, ಬೆರಳಿನಿಂದ ಬರೆಯುವುದು. ಇಂಗ್ಲಿಷ್ ಗೊತ್ತಿಲ್ಲದ ಹಿರಿಯರಿಗೆ ಮೂರನೆಯದೇ ಚೆಂದ. ಸ್ಲೇಟಿನ ಮೇಲೆ ಬರೆದಂತೆ ಬರೆದರೆ ಅಚ್ಚಕ್ಷರವಾಗುತ್ತದೆ. ಅದೂ ಬೇಡವೆಂದರೆ ಮೈಕಿನ ಗುರುತು ಒತ್ತಿ ಮಾತಾಡಲಿ. ಕನ್ನಡಕ್ಕೆ ಈ ಸೌಲಭ್ಯ 2017ರಿಂದ ಇದೆ. ನೆಟ್ ಚೆನ್ನಾಗಿರಬೇಕು, ಟಿವಿ ಸದ್ದು ಇರಬಾರದು, ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು ಮಾತು ಶುರುಮಾಡಬೇಕು. ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತದೆ.

ನೆಟ್ ಪ್ಯಾಕು ಸೋರುವ ತೂತುಗಳು

ಕೀಪ್ಯಾಡಿಗೆ ಹಾಕಿಸುತ್ತಿದ್ದ ಕರೆನ್ಸಿಗಿಂತ ಖರ್ಚು ಹೆಚ್ಚು ಬರುವುದು ಖಂಡಿತ. ಸೋರಿಕೆಯಾದರೂ ತಡೆಯಿರಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಅಪ್‌ಡೇಟ್ ವೈಫೈ ಇದ್ದಾಗ ಮಾತ್ರ ಎಂದು ಮಾಡಿ. ವಾಟ್ಸ್ಆ್ಯಪ್‌ನ ಸ್ಟೋರೇಜ್ ಅಂಡ್ ಡೇಟಾದಲ್ಲಿ ಚಿತ್ರ, ವೀಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಬೇಕಾದದ್ದನ್ನು ಒತ್ತಿದರೆ ಮಾತ್ರ ಇಳಿಯುತ್ತದೆ, ಫೋನಿನ ಜಾಗವೂ ಉಳಿಯುತ್ತದೆ.

ಮಲೆನಾಡಿನ ಎಷ್ಟೋ ಮನೆಗಳಿಗೆ ಫೈಬರ್ ಇಂಟರ್ನೆಟ್ ಬಂದಿದೆ, ಮೊಬೈಲ್ ಸಿಗ್ನಲ್ ಮಾತ್ರ ಇಲ್ಲ. ಮಾತಾಡಲು ಗುಡ್ಡ ಹತ್ತುವ ಆ ಮನೆಗಳಿಗೆ ವೈಫೈ ಕಾಲಿಂಗ್ ವರದಾನ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿದರೆ ಅದೇ ನಂಬರಿನಲ್ಲಿ, ಬೇರೆ ಆ್ಯಪ್ ಇಲ್ಲದೆ, ಮನೆಯ ವೈಫೈ ಮೂಲಕ ಮಾಮೂಲಿ ಕರೆ ಬರುತ್ತದೆ, ಹೋಗುತ್ತದೆ. ಫೋನೂ ಸಿಮ್ ಕಂಪನಿಯೂ ಎರಡೂ ಇದನ್ನು ಬೆಂಬಲಿಸಬೇಕು, ಕೊಳ್ಳುವಾಗಲೇ ಕೇಳಿ. ಕರೆಂಟು ಹೋದಾಗ ವೈಫೈ ಡಬ್ಬಿಯೂ ಆರುತ್ತದೆ, ಅದನ್ನು ಯುಪಿಎಸ್‌ಗೆ ಸೇರಿಸಿದ್ದರೆ ಮಾತ್ರ ಮಳೆಗಾಲದಲ್ಲಿ ಪ್ರಯೋಜನ.

ಹಣ, ಮತ್ತು ಮನೆಗೆ ನುಗ್ಗುವವರು

ಯುಪಿಐಗೆ ಸ್ಮಾರ್ಟ್‌ಫೋನ್ ಬೇಕೇಬೇಕು ಎಂದೇನಿಲ್ಲ. *99# ಒತ್ತಿದರೆ ಕೀಪ್ಯಾಡಿನಲ್ಲೂ, ನೆಟ್ ಇಲ್ಲದೆಯೂ, ಒಂದು ಸಲಕ್ಕೆ 5,000 ರೂಪಾಯಿವರೆಗೆ ಕಳಿಸಬಹುದು. 2022ರಲ್ಲಿ ಬಂದ ಯುಪಿಐ 123ಪೇ ಕೂಡ ಸಾದಾ ಫೋನಿಗಾಗಿಯೇ ಇರುವುದು. ಕ್ಯೂಆರ್ ಸ್ಕ್ಯಾನ್ ಮಾಡಿ ಒಂದು ಕ್ಷಣದಲ್ಲಿ ಕೊಡುವ ಸಲೀಸು ಮಾತ್ರ ಕ್ಯಾಮೆರಾ ಇರುವ ಸ್ಮಾರ್ಟ್‌ಫೋನಿನದ್ದು.

ಶುರುಮಾಡುವಾಗ, ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು. ಆ್ಯಪ್ ತಾನೇ ಒಂದು ಎಸ್‌ಎಂಎಸ್ ಕಳಿಸಿ ನಂಬರ್ ಖಚಿತ ಮಾಡಿಕೊಳ್ಳುತ್ತದೆ. ಎಸ್‌ಎಂಎಸ್ ಹೋಗುವ ಪ್ಯಾಕ್ ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಎಟಿಎಂ ಕಾರ್ಡಿನ ಕೊನೆಯ 6 ಅಂಕಿ ಮತ್ತು ಅವಧಿ, ಇಲ್ಲವೇ ಆಧಾರ್ ಮೂಲಕ ಪಿನ್ ಮಾಡಿಕೊಳ್ಳಿ. ದೊಡ್ಡ ಉಳಿತಾಯ ಇರುವ ಖಾತೆಯನ್ನು ಜೋಡಿಸಬೇಡಿ. ಬೇರೊಂದು ಖಾತೆಯಲ್ಲಿ ಎರಡು ಮೂರು ಸಾವಿರ ಇಟ್ಟು ಅದನ್ನು ಜೋಡಿಸಿ. ಒಂದು ಮಾತನ್ನು ಮನೆಯವರೆಲ್ಲ ಮತ್ತೆ ಮತ್ತೆ ಹೇಳಿಕೊಡಿ: ಪಿನ್ ಹಾಕಿದರೆ ಹಣ ಹೋಗುತ್ತದೆ. ಹಣ ಬರಲು ಪಿನ್ ಬೇಡ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ಎಪಿಕೆ ಕಡತದ ವಿಷಯದಲ್ಲಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ, ಕೆಲವೊಮ್ಮೆ ಗುರುತಿನವರ ನಂಬರಿನಿಂದಲೇ, ವಾಟ್ಸ್ಆ್ಯಪ್‌ಗೆ ಬರುತ್ತದೆ. ಕರೆಯೋಲೆ ಎಂದರೆ ಚಿತ್ರ ಅಥವಾ ಪಿಡಿಎಫ್ ಇರಬೇಕು. ಎಪಿಕೆ ಎಂದರೆ ಅದು ಆ್ಯಪ್. ಒತ್ತಿದಾಗ ‘ಅಪರಿಚಿತ ಮೂಲದಿಂದ ಆ್ಯಪ್ ಹಾಕಲು ಅನುಮತಿಸುವಿರಾ’ ಎಂದು ಆಂಡ್ರಾಯ್ಡ್ ಕೇಳುತ್ತದೆ. ಅನುಮತಿ ಕೊಟ್ಟು, ಮೆಸೇಜು ಓದಲೂ ಬಿಟ್ಟರೆ, ಬ್ಯಾಂಕಿನ ಒಟಿಪಿ ನಿಮಗಿಂತ ಮೊದಲು ಕಳ್ಳನ ಕೈಗೆ ಹೋಗುತ್ತದೆ. ಕೀಪ್ಯಾಡ್ ಫೋನಿಗೆ ಈ ರೋಗ ತಗುಲುತ್ತಿರಲಿಲ್ಲ, ಏಕೆಂದರೆ ಅಲ್ಲಿ ಹೊಸ ಆ್ಯಪ್‌ಗೆ ಜಾಗವೇ ಇರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಹುಡುಕಿ, ವಾಟ್ಸ್ಆ್ಯಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಅನುಮತಿ ಇಲ್ಲ ಎಂದೇ ಇದೆಯೇ ನೋಡಿ.

ತಿಂಗಳಿಗೊಮ್ಮೆ ಪ್ರೈವೆಸಿಯ ಪರ್ಮಿಷನ್ ಮ್ಯಾನೇಜರ್ ತೆರೆಯಿರಿ. ಮೆಸೇಜು, ಮೈಕು, ಲೊಕೇಶನ್ ಯಾರ್‍ಯಾರಿಗೆ ಸಿಕ್ಕಿದೆ ನೋಡಿ. ಟಾರ್ಚಿನ ಆ್ಯಪ್ ಮೆಸೇಜು ಓದಬೇಕಾದ ಕಾರಣವಿಲ್ಲ, ಅಂಥದ್ದನ್ನು ಕಿತ್ತುಹಾಕಿ. ಪೊಲೀಸ್ ವೇಷದಲ್ಲಿ ವೀಡಿಯೋ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎನ್ನುವವರು ಕಳ್ಳರು. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋಗಿದ್ದರೆ ಮರುಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಯುವುದು ಅದರ ಕೆಲಸ, ಆದ್ದರಿಂದ ‘ನಾಳೆ ಬ್ಯಾಂಕಿಗೆ ಹೋಗಿ ಕೇಳೋಣ’ ಎನ್ನಬೇಡಿ.

ಕೆಟ್ಟಾಗ

ಹ್ಯಾಂಗ್ ಆದರೆ ಹಳೆಯ ಫೋನಿನ ಬ್ಯಾಟರಿ ಕಿತ್ತು ಹಾಕುತ್ತಿದ್ದೆವು. ಇಲ್ಲಿ ಬ್ಯಾಟರಿ ಕೈಗೆ ಸಿಗುವುದಿಲ್ಲ. ಪವರ್ ಗುಂಡಿಯನ್ನು, ಆಗದಿದ್ದರೆ ಪವರ್ ಮತ್ತು ವಾಲ್ಯೂಮ್ ತಗ್ಗಿಸುವ ಗುಂಡಿಗಳನ್ನು ಒಟ್ಟಿಗೆ, 10ರಿಂದ 20 ಸೆಕೆಂಡ್ ಒತ್ತಿ ಹಿಡಿದರೆ ಮತ್ತೆ ಶುರುವಾಗುತ್ತದೆ. ನಿಧಾನವಾಗಿದ್ದರೆ ಸಂಗ್ರಹ ತುಂಬಿದೆಯೇ ನೋಡಿ. ಹತ್ತರಲ್ಲಿ ಒಂದು ಪಾಲಾದರೂ ಖಾಲಿ ಇರಲಿ.

ನೀರಿಗೆ ಬಿದ್ದರೆ ತೆಗೆದು, ಆಫ್ ಮಾಡಿ, ಚಾರ್ಜರ್ ತೂತು ಕೆಳಮುಖ ಮಾಡಿ ತಟ್ಟಿ, ಫ್ಯಾನಿನ ಗಾಳಿಗೆ ಒಂದು ದಿನ ಇಡಿ. ಅಕ್ಕಿ ಡಬ್ಬದಲ್ಲಿ ಹೂಳಬೇಡಿ, ಅಕ್ಕಿಯ ಹಿಟ್ಟು ತೂತಿನೊಳಗೆ ಸೇರುತ್ತದೆ. ಒದ್ದೆ ಇರುವಾಗ ಚಾರ್ಜಿಗೆ ಹಾಕುವುದಂತೂ ಬೇಡವೇ ಬೇಡ. ಬ್ಯಾಟರಿಗೆ ಬಿಸಿಯೇ ಶತ್ರು: ದಿಂಬಿನ ಕೆಳಗೆ, ಬಿಸಿಲಲ್ಲಿ ನಿಂತ ಟ್ರ್ಯಾಕ್ಟರಿನ ಮೇಲೆ ಚಾರ್ಜ್ ಮಾಡಬೇಡಿ. ಹಿಂಬದಿ ಉಬ್ಬಿ ಅಂಚು ಬಿರಿದಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಅದನ್ನು ಒತ್ತಿ ಕೂರಿಸದೆ, ಚಾರ್ಜ್ ಮಾಡದೆ, ನೇರ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ತುರ್ತಿಗೆ ಮತ್ತು ಕಳೆದುಹೋದರೆ

ಭಾರತದಲ್ಲಿ ಮಾರುವ ಫೋನುಗಳಲ್ಲಿ ತುರ್ತು ಗುಂಡಿ ಇರಬೇಕೆಂಬ ನಿಯಮ 2017ರ ಜನವರಿ 1ರಿಂದ ಇದೆ. ಕೀಪ್ಯಾಡಿನಲ್ಲಿ 5 ಅಥವಾ 9 ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಸಲ ಒತ್ತುವುದು. ಈಗಿನ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಐದು ಸಲ. ಸೆಟ್ಟಿಂಗ್ಸ್‌ನ ಸೇಫ್ಟಿ ಅಂಡ್ ಎಮರ್ಜೆನ್ಸಿಯಲ್ಲಿ ನಿಮ್ಮ ಫೋನಿನ ಕ್ರಮ ನೋಡಿ, ಮನೆಯ ಇಬ್ಬರ ನಂಬರ್ ಸೇರಿಸಿ. ಅಲ್ಲೇ ರಕ್ತದ ಗುಂಪು, ನುಂಗುವ ಮಾತ್ರೆಗಳ ಹೆಸರು ಬರೆದಿಟ್ಟರೆ ಲಾಕ್ ತೆರೆಯದೆಯೂ ಬೇರೆಯವರು ಓದಬಹುದು. ಬಿಗಿಯಾದ ಪೌಚ್ ಪವರ್ ಗುಂಡಿಯನ್ನು ಒತ್ತುತ್ತಿದ್ದರೆ ಸುಮ್ಮಸುಮ್ಮನೆ 112ಕ್ಕೆ ಕರೆ ಹೋಗುತ್ತದೆ, ಪೌಚ್ ಬದಲಿಸಿ.

ಫೋನ್ ಕಳೆದರೆ ಮಾಡಬೇಕಾದ ಕೆಲಸದ ಕ್ರಮ ಹೀಗೆ. ಇನ್ನೊಂದು ಫೋನಿನಲ್ಲಿ ಅದೇ ಗೂಗಲ್ ಖಾತೆಯಿಂದ ಗೂಗಲ್‌ನ ಫೋನ್ ಹುಡುಕುವ ಸೇವೆ ತೆರೆದು ಮೊದಲು ರಿಂಗ್ ಮಾಡಿ ನೋಡಿ. ಸಿಗದಿದ್ದರೆ ಅಲ್ಲಿಂದಲೇ ಲಾಕ್ ಮಾಡಿ. ಸಿಮ್ ಕಂಪನಿಗೆ ಹೇಳಿ ಸಿಮ್ ನಿಲ್ಲಿಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಕರ್ನಾಟಕ ಪೊಲೀಸರ ಇ-ಲಾಸ್ಟ್‌ನಲ್ಲಿ ವರದಿ ಕೊಟ್ಟು, ಅದರ ಪ್ರತಿ ಸೇರಿಸಿ, ಸಂಚಾರ್ ಸಾಥಿಯಲ್ಲಿ ಐಎಂಇಐ ಬ್ಲಾಕ್ ಮಾಡಿಸಿ. ಆ 15 ಅಂಕಿ ಆಗ ಬೇಕಾಗುತ್ತದೆ, ಫೋನ್ ಕೈಯಲ್ಲಿರುವುದಿಲ್ಲ. ಡಬ್ಬ ಎಸೆಯುವ ಮೊದಲು ಅಂಕಿ ಇರುವ ಪಟ್ಟಿಯನ್ನು ಕತ್ತರಿಸಿ ಪಾಸ್‌ವರ್ಡ್ ಬರೆದ ಕಾಗದಕ್ಕೇ ಅಂಟಿಸಿಡಿ.